ಮಹಬೂಬ್ ಚಾಚಾನ ಹೆಬ್ಬೆರಳು

ಮಹಬೂಬ್ ಚಾಚಾಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಎಳೆದು, "ಇದು ಐದಾರು ಮಂದಿ ಕೈಯಾಗ ಹೋಗಿ ಬಂದದ್ರಿ ಟೀಚರ್" ಎನ್ನುತ್ತಿದ್ದರು. ಕೊನೆಯ ಪುಟಕ್ಕೆ ಅಂಟಿಸಿದ, ಓದಲು ಒಯ್ದವರ ಹೆಸರಿನ ಚೀಟಿ ನೋಡಿದರೆ ಐದೋ ಆರೋ ಹೆಸರು ಇದ್ದೇ ಇರುತ್ತಿದ್ದವು. ಸುರಪುರದ ನಮ್ಮ ಶಾಲೆಯ ಹರಿದ ಪುಸ್ತಕಗಳನ್ನೆಲ್ಲ ಹೊಲಿದು, ಅಂಟು ಹಚ್ಚಿ, ಕಬ್ಬಿಣದ ಪ್ರೆಸ್ಸಿನಲ್ಲಿ ಬಿಗಿದು ಬೈಂಡ್ ಮಾಡಿಕೊಡುತ್ತಿದ್ದವರು ಅವರೇ. ಪಾಠದ ಜೊತೆಗೆ ಗ್ರಂಥಾಲಯವೂ ನನ್ನ ಕೊರಳಿಗೆ ಬಿದ್ದಿತ್ತು.

ಶಾಲೆಗೆ ಟ್ಯಾಬ್ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ಇ-ಪುಸ್ತಕಕ್ಕೆ ಅರ್ಧ ಬೆಲೆ, ಕಾಗದ ಬೇಡ, ಮರ ಕಡಿಯುವುದಿಲ್ಲ ಎಂದು ಚಾಚಾನ ಅಂಗಡಿಯಲ್ಲೇ ನಿಂತು ಭಾಷಣ ಬಿಗಿದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು, "ಓದಿದ ಮ್ಯಾಲ ತಮ್ಮಗ ಕೊಡಾಕ ಬರ್ತದೇನ್ರಿ?"

"ಇಲ್ಲ ಚಾಚಾ, ಆ ಟ್ಯಾಬಿನಾಗಷ್ಟ ಓದಬೇಕು."

"ಟ್ಯಾಬ್ ಕೆಟ್ರ ಎಲ್ಲಿ ಒಗಿತೀರಿ?"

"ನಿಮಗ ನಿಮ್ಮ ದಂಧೇದ ಚಿಂತಿ" ಎಂದುಬಿಟ್ಟೆ. ಎಂಥ ಸೊಕ್ಕು ನನ್ನದು! ಹಳೆಯ ಪುಸ್ತಕಗಳ ಚೀಟಿಯಲ್ಲಿ 'ರದ್ದು' ಎಂದು ಬರೆದು, ಸಹಿ ಹಾಕಿ, ಗುಜರಿಗೆ ಕಳಿಸಿದೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಟ್ಯಾಬ್‌ಗಳ ಹೊಟ್ಟೆ ಉಬ್ಬಿ ಗಾಜು ಮೇಲೆದ್ದಿತು. ನನಗೆ ಅದು ರಟ್ಟು ಕಿತ್ತ ಪುಸ್ತಕದ ಹಾಗೆಯೇ ಕಂಡಿತು. ಒಂದನ್ನು ಚಾಚಾನ ಹತ್ತಿರ ಒಯ್ದೆ. ಅವರೂ ಅಂಚಿಗೆ ಹೆಬ್ಬೆರಳು ಎಳೆದು, "ಅಂಟು ಬಿಟ್ಟದ. ಹಚ್ಚಿ ಪ್ರೆಸ್ಸಿನಾಗ ಇಡ್ತೀನಿ, ಸಂಜಿಗಿ ಒಯ್ರಿ" ಎಂದರು. ಒಳಗೆ ಉಬ್ಬಿದ್ದು ಬ್ಯಾಟರಿ ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಪ್ರೆಸ್ಸಿನ ಹಿಡಿ ಮೂರನೇ ಸುತ್ತು ತಿರುಗುವಾಗ ಅದು ಸಿಡಿದು ಹೊತ್ತಿಕೊಂಡಿತು. ಬೆಂಕಿ ಪುಸ್ತಕಗಳಿಗೆ ಹತ್ತೀತೆಂದು ಚಾಚಾ ಅದನ್ನು ಬರಿಗೈಯಲ್ಲೇ ಕಿತ್ತು ಬೀದಿಗೆ ಎಸೆದರು.

ಬಲಗೈ ಉಳಿಯಿತು, ಕಸುಬು ಉಳಿಯಲಿಲ್ಲ. ಅಂಗಡಿಯ ಬಾಗಿಲು ಮತ್ತೆ ತೆರೆಯಲಿಲ್ಲ.

ಕಳೆದ ರಂಜಾನಿಗೆ ಮೊದಲು ಅವರು ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚೆ ಮನೆಗೆ ಹೋಗಿದ್ದೆ. ನಮ್ಮ ಶಾಲೆಯದೇ ಒಂದು ಪುಸ್ತಕವನ್ನು ಗುಜರಿಯಿಂದ ತಂದು, ಕೈ ಸುಡುವ ಮೊದಲೇ ಬೈಂಡ್ ಮಾಡಿಟ್ಟಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಚರ್ಮ ಮುದುರಿದ ಹೆಬ್ಬೆರಳನ್ನು ಬೆನ್ನಿನ ಮೇಲೆ ಎಳೆದರು. ಇನ್ನೊಮ್ಮೆ ಎಳೆದರು.

"ಏನೂ ತಿಳಿವಲ್ದು. ಎಷ್ಟು ಮಂದಿ ಓದ್ಯಾರ, ನೀವ ಹೇಳ್ರಿ."

ಚೀಟಿಯಲ್ಲಿನ ಹೆಸರುಗಳನ್ನು ಒಂದೊಂದಾಗಿ ಓದಿದೆ. ಚಾಚಾ ಕಣ್ಣು ಮುಚ್ಚಿ ಕೇಳಿದರು. ನಾನು ನಿಲ್ಲಿಸಿದಾಗ, "ಮುಂದ ಯಾರ್ರಿ?" ಎಂದರು.

"ಮುಂದ ಯಾರೂ ಇಲ್ಲ ಚಾಚಾ" ಎಂದೆ. "ನನ್ನ ಸಹಿ ಅದ."