ಏಣಿಯವನು ಕುಡಿದಿರಲಿಲ್ಲ

ನಿನ್ನೆ ಬೆಳಿಗ್ಗೆ ಏಳೂವರೆಗೆ ನಾನು ಶ್ರೀಮಂಗಲದ ಹತ್ತಿರದ ಹಳೆಯ ಎಸ್ಟೇಟಿನ ಗೇಟಿನ ಬಳಿ, ಪೇರಳೆ ಮರದ ಕೆಳಗೆ ನಿಂತಿದ್ದೆ. ಕೈಗೆ ಸಿಕ್ಕ ಎಲೆಯೊಂದನ್ನು ಸುಮ್ಮನೆ ಹಿಸುಕಿದೆ. ಆ ಒಗರು ವಾಸನೆಗೆ, ಕಾಳುಮೆಣಸು ಕೊಯ್ಯುತ್ತಿದ್ದ ಏಣಿಯವನೊಬ್ಬ ನೆನಪಾದ...

ದಶಕಗಳ ಹಿಂದಿನ ಮಾತು, ಆಗ ನಾನು ಅಲ್ಲಿ ರೈಟರ್, ಲೆಕ್ಕ ಬರೆಯುವವನು. ಬೆಳಿಗ್ಗೆ ಶೆಡ್ಡಿನ ಮೆಟ್ಟಿಲ ಬಳಿ ಹಾಜರಿ ತೆಗೆದುಕೊಂಡು ಕೆಲಸ ಹಂಚುತ್ತಿದ್ದೆ. ಮೆಣಸಿನ ಕೊಯ್ಲಿನಲ್ಲಿ ಒಂದು ರೂಢಿಯಿತ್ತು: ಒಂಟಿ ಬಿದಿರಿನ ಏಣಿ ಹತ್ತುವವರು ಮೊದಲು ನನ್ನ ಮುಖಕ್ಕೆ ಉಸಿರು ಊದಬೇಕು. ಹೆಂಡದ ವಾಸನೆ ಬಂದರೆ ಅಂದು ಏಣಿಯಿಲ್ಲ. ವಾಸನೆ ಮುಚ್ಚಲು ಕೆಲವರು ಪೇರಳೆ ಎಲೆ ಅಗಿದು ಬರುತ್ತಿದ್ದರು.

ಅವನಷ್ಟು ಸಲೀಸಾಗಿ ಏಣಿ ಹತ್ತುವವರು ಬೇರೆ ಇರಲಿಲ್ಲ. ಆದರೆ ಒಂದು ವರ್ಷ ಅವನ ಭುಜ ತಾನಾಗಿ ಕುಣಿಯತೊಡಗಿತು. ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ನಡಿಗೆ ತೂರಾಡುತ್ತಿತ್ತು.

"ಏನಣ್ಣ, ಬೆಳಿಗ್ಗೆ ಬೆಳಿಗ್ಗೇನೇ ಡ್ಯಾನ್ಸಾ?" ಎಂದ ಮೇಸ್ತ್ರಿ. ಲೈನ್‌ಮನೆಗಳ ಕೂಲಿಯವರೆಲ್ಲ ನಕ್ಕರು.

ಅವನು ಊದಿದ. ಯಾವ ವಾಸನೆಯೂ ಇರಲಿಲ್ಲ. ಅದರಿಂದಲೇ ನನ್ನ ಅನುಮಾನ ಹೆಚ್ಚಿತು.

"ಎಲೆ ಅಗ್ದಿದ್ದೀಯಾ?"

"ಇಲ್ಲ ರೈಟ್ರೇ. ಕೈ ನಂದೇ, ಆದ್ರೆ ಆಡಿಸ್ತಿರೋದು ನಾನಲ್ಲ."

ಏಣಿ ಕಸಿದುಕೊಂಡೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಕುಡಿತ' ಎಂದು ಬರೆದೆ.

ಕೆಲವು ವಾರಗಳ ನಂತರ ಹೆಂಡತಿ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮರಳಿ ಬಂದ ಇಬ್ಬರೂ ಹಾಜರಿಯ ಹೊತ್ತಿಗೆ ಶೆಡ್ಡಿನ ಮೆಟ್ಟಿಲ ಬಳಿ ಬಂದು ನಿಂತರು. ಅವಳು ವೈದ್ಯರ ಚೀಟಿ ಕೊಟ್ಟು ತಗ್ಗಿದ ದನಿಯಲ್ಲಿ ಹೇಳಿದಳು: "ಆಡು ಅನ್ನೋಕೆ ತಲೇಲಿ ಒಂದಿರ್ತದಂತೆ, ಸಾಕು ಸುಮ್ನಿರು ಅನ್ನೋಕೆ ಬೇರೆ ಇರ್ತದಂತೆ. ಇವ್ರಿಗೆ ಆ ಸುಮ್ನಿರು ಅನ್ನೋದೇ ಸಾಯ್ತಾ ಇದೆಯಂತೆ."

ಚೀಟಿಯಲ್ಲೂ ಅದೇ ಇತ್ತು. ಬೇಡದ ಚಲನೆಯನ್ನು ತಡೆಹಿಡಿಯುವ ಮೆದುಳಿನ ಜೀವಕೋಶಗಳು ನಾಶವಾಗುತ್ತಿವೆ, ಕಾರಣ ಕುಡಿತವಲ್ಲ. ಕೈಯನ್ನು ಸುಮ್ಮನೆ ಇರಿಸುವುದೂ ಮೆದುಳು ಮಾಡುವ ಕೆಲಸವೆಂದು ನನಗೆ ಅಂದೇ ತಿಳಿದದ್ದು.

"ಏಣಿ ಬೇಡ ರೈಟ್ರೇ," ಎಂದ ಅವನು. "ಎಲ್ರಿಗೂ ಕೇಳೋ ಹಾಗೆ ಒಂದ್ಸಲ ಓದಿ, ಸಾಕು."

ಲೈನಿನವರೆಲ್ಲ ಎದುರಿಗಿದ್ದರು. ಓದಿದರೆ ನಾನು ಬರೆದದ್ದು ಸುಳ್ಳೆಂದು ನಾನೇ ಹೇಳಿದಂತಾಗುತ್ತಿತ್ತು. ಚೀಟಿ ಮಡಚಿದೆ. "ಈಗ ಹೊತ್ತಾಯ್ತು, ನಾಳೆ ಓದ್ತೀನಿ" ಎಂದೆ.

ಮರುದಿನ ಬಂದ, ನಾನು ಚೀಟಿ ತೆಗೆಯಲಿಲ್ಲ. ಅದರ ಮರುದಿನವೂ ಬಂದು, ಮೈ ಕುಣಿಯುತ್ತಿದ್ದಂತೆಯೇ ಹಾಜರಿ ಮುಗಿಯುವವರೆಗೆ ನಿಂತಿದ್ದ... ಆಮೇಲೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಕೊಂಡ.

ಅಂದು ಮೆಟ್ಟಿಲ ಬಳಿ ಇದ್ದವರಲ್ಲಿ, ನನಗೆ ತಿಳಿದಂತೆ, ಈಗ ಬದುಕಿರುವವರು ಮೂವರು: ನಾನು, ಮೇಸ್ತ್ರಿ, ಅವನ ಹೆಂಡತಿ. ನಿನ್ನೆ ಸಿಕ್ಕ ಮೇಸ್ತ್ರಿ ಮಾತಿನ ನಡುವೆ, "ಪಾಪ, ಕುಡ್ದೇ ಹೋದ" ಎಂದ. ಅಲ್ಲ ಎಂದೆ, ನಡೆದದ್ದೆಲ್ಲ ಹೇಳಿದೆ. ಏಣಿಯವನ ಹೆಂಡತಿ ಈಗ ಹತ್ತಿರದ ಕುಟ್ಟದಲ್ಲಿ ಮಗಳ ಜೊತೆ ಇದ್ದಾಳೆ. ಅವಳೆದುರು ನಾನಿನ್ನೂ ಹೋಗಿ ನಿಂತಿಲ್ಲ.