ತಲೆಯಲ್ಲಿ ನೀರು

೨೦೦೪ರ ಬೇಸಿಗೆ. ಹೈದರಾಬಾದಿನ ಒಂದು ದೊಡ್ಡಾಸ್ಪತ್ರೆಯಲ್ಲಿ ನಾನು ನ್ಯೂರೋಸರ್ಜನ್. ಮಣಿಕೊಂಡದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ ಏಳುತ್ತಿದ್ದ ಕಾಲ. ಅಲ್ಲಿ ಕಾಂಕ್ರೀಟು ಹೊರುತ್ತಿದ್ದ ಮಲ್ಲಮ್ಮ ಎಂಟು ತಿಂಗಳ ಮಗಳನ್ನು ಕರೆತಂದಳು. ಕೂಸಿನ ತಲೆ ದಿನೇದಿನೇ ದೊಡ್ಡದಾಗುತ್ತಿತ್ತು. ಅದು ಹೈಡ್ರೋಸೆಫಾಲಸ್, ಅಂದರೆ ಮಿದುಳಿನ ದ್ರವ ಹೊರಹೋಗಲಾರದೆ ಒಳಗೇ ತುಂಬಿಕೊಳ್ಳುವ ಕಾಯಿಲೆ. ಚರ್ಮದಡಿಯಲ್ಲಿ ತಲೆಯಿಂದ ಹೊಟ್ಟೆಗೆ ತೆಳ್ಳನೆಯ ನಳಿಕೆ ಇಳಿಸಿ ದ್ರವವನ್ನು ಅಲ್ಲಿಗೆ ಹರಿಸಿದೆ. ಇದಕ್ಕೆ ಶಂಟ್ ಎನ್ನುತ್ತೇವೆ. ಎಷ್ಟು ಹರಿಯಬೇಕೆಂದು ನೋಡಿಕೊಳ್ಳಲು ನಡುವೆ ಒಂದು ವಾಲ್ವ್ ಇರುತ್ತದೆ.

ಮನೆಗೆ ಕಳಿಸುವಾಗ ವಾರ್ಡಿನ ವಾಡಿಕೆಯಂತೆ ಎಲ್ಲವನ್ನೂ ಹಿಂದಿಯಲ್ಲಿ ಪಟಪಟನೆ ಹೇಳಿ ಮುಗಿಸಿದೆ. ಮಲ್ಲಮ್ಮ ಪ್ರತಿಯೊಂದಕ್ಕೂ "ಹಾಂ ಸಾಬ್" ಎಂದಳು.

ಹತ್ತನೇ ದಿನ ಕೂಸು ವಾಪಸು ಬಂತು. ನೆತ್ತಿ ಗುಳಿಬಿದ್ದಿತ್ತು, ಅಳಲೂ ತ್ರಾಣವಿರಲಿಲ್ಲ. ವಾಲ್ವ್ ಕೆಟ್ಟು ಶಂಟ್ ಅತಿಯಾಗಿ ಹರಿಸುತ್ತಿದೆ ಎಂದುಕೊಂಡು ಥಿಯೇಟರ್ ಸಿದ್ಧಮಾಡಲು ಹೇಳಿದೆ. ಅಷ್ಟು ಸೊರಗಿದ ಕೂಸು ಎರಡನೇ ಆಪರೇಷನ್ ತಡೆದುಕೊಳ್ಳುತ್ತದೆಂಬ ಧೈರ್ಯ ನನಗಿರಲಿಲ್ಲ.

ಮತ್ತೆ ಹಿಂದಿಯಲ್ಲೇ ಕೇಳಿದೆ. ಹಾಲು ಕುಡಿಯುತ್ತಾಳಾ? "ಹಾಂ ಸಾಬ್." ಭೇದಿ? "ಹಾಂ ಸಾಬ್." ಜ್ವರ? "ಹಾಂ ಸಾಬ್." ಮೈ ಮುಟ್ಟಿದರೆ ಜ್ವರವೇ ಇಲ್ಲ! ನನ್ನ ಪಿತ್ತ ನೆತ್ತಿಗೇರಿ, ಬಾಯಿಂದ ನನ್ನೂರು ರಾಯಚೂರಿನ ಕನ್ನಡ ಹೊರಬಿತ್ತು.

"ಏನವ್ವಾ, ಎಲ್ಲಾದಕ್ಕೂ ಹಾಂ ಅಂತೀಯಲ್ಲ! ಕೂಸಿಗೆ ಏನ್ ಕುಡಿಸಾಕತ್ತಿ, ಖರೇ ಹೇಳು!"

ಅವಳ ಮುಖವೇ ಬದಲಾಯಿತು. "ನೀವು ನಮ್ಮ ಕಡೆಯವ್ರೇನ್ರಿ? ಒಂದ್ ಹನಿ ನೀರು ಕೊಟ್ಟಿಲ್ರಿ ಸಾಹೇಬ್ರ. ತಲ್ಯಾಗ ಪಾನಿ ಭಾಳ ಆಗೇತಿ, ಕಮ್ಮಿ ಮಾಡ್ಬೇಕು ಅಂತ ನೀವೇ ಹೇಳಿದ್ರಲ್ರಿ. ಎದಿಹಾಲಿನಾಗೂ ನೀರು ಇರ್ತೈತಂತ ಅದನ್ನೂ ಕಮ್ಮಿ ಮಾಡೀನಿ. ನಾನೂ ಕುಡಿಯೂದು ಬಿಟ್ಟೀನ್ರಿ."

ಮೇ ತಿಂಗಳು, ತಗಡಿನ ಶೆಡ್ಡು, ಈ ವ್ರತ! ಆಗ ನೋಡಿದೆ, ಅವಳ ತುಟಿಯೂ ಒಡೆದಿತ್ತು. ಕೇಸ್‌ಶೀಟಿನಲ್ಲಿ ಊರು ಯಾದಗಿರಿ ಎಂದು ದಪ್ಪಕ್ಷರದಲ್ಲೇ ಬರೆದಿತ್ತು. ನಾನು ಓದಿರಲಿಲ್ಲ. ಅಷ್ಟು ಹೊತ್ತು ಅವಳ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು.

ಥಿಯೇಟರ್ ಬೇಡವೆಂದು ಹೇಳಿ ಕೂಸಿಗೆ ಡ್ರಿಪ್ ಹಾಕಿಸಿದೆ. ತಾಯಿಯ ಕೈಗೆ ನೀರಿನ ತಂಬಿಗೆ ಕೊಟ್ಟು, "ಮೊದಲ ನೀ ಕುಡಿ" ಎಂದು ಎದುರಿಗೇ ನಿಂತೆ. ವಾಲ್ವ್ ಸರಿಯಾಗಿಯೇ ಇತ್ತು, ನೆತ್ತಿ ಗುಳಿಬಿದ್ದದ್ದು ಮೈಯಲ್ಲಿ ನೀರಿಲ್ಲದೆ. ಸಂಜೆ ಕೂಸು ಉಚ್ಚೆ ಹೊಯ್ದು ಅವಳ ಸೀರೆ ತೋಯಿಸಿತು. ಒದ್ದೆ ಸೆರಗು ಹಿಡಿದುಕೊಂಡು ಬಂದು ತೋರಿಸಿ ನಕ್ಕಳು.

ಅಂದಿನಿಂದ ಯಾರನ್ನೂ "ತಿಳೀತಾ?" ಎಂದು ಕೇಳಿಲ್ಲ. "ನಾನು ಏನು ಹೇಳಿದೆ, ನೀವು ಹೇಳ್ರಿ" ಎನ್ನುತ್ತೇನೆ. ಅವರು ಹೇಳಿ ಮುಗಿಸುವವರೆಗೆ ನನ್ನ ಕೆಲಸ ಮುಗಿದಿರುವುದಿಲ್ಲ.