ಎರಡನೆಯ ಕರೆ

ಅವಳಿಗೊಂದು ಚೆಂದದ ಹೆಸರಿತ್ತು, ಆದರೆ ಮನೆಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಮಾತು ಕಲಿತ ವರ್ಷವೇ ಅಪ್ಪ ಇಟ್ಟ ಚಿನಕುರುಳಿ ಎಂಬ ಹೆಸರು ಗಟ್ಟಿಯಾಗಿಬಿಟ್ಟಿತು. ಆ ಚಟಪಟ ಬಾಯಿ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಪ್ಪ ಸಿಟಿ ಬಸ್ಸಿನ ಕಂಡಕ್ಟರು. ಬಾಗಿಲಲ್ಲಿ ನೇತಾಡುವವನಿಗೂ ಹಿಂದಿನ ಸೀಟಿನಲ್ಲಿ ತೂಕಡಿಸುವವನಿಗೂ ಒಂದೇ ಕೂಗಿಗೆ ಕೇಳಿಸುವ ಗಂಟಲು. "ಯಾರ್ರೀ ಅದು ಫುಟ್‌ಬೋರ್ಡಲ್ಲಿ? ಒಳಗೆ ಬನ್ನಿ ಸ್ವಾಮಿ, ನೀವು ಬಿದ್ರೆ ನಿಮ್ಮ ಹೆಂಡ್ತಿ ನನ್ನ ಬೈತಾರೆ!" ಎಂದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಬೇರೆ ಬಸ್ಸು ಬಿಟ್ಟು ಇವನ ಬಸ್ಸಿಗೇ ಕಾದು ಹತ್ತುವವರಿದ್ದರು.

ಹಠ ಮಾತ್ರ ಇಬ್ಬರದೂ ಒಂದೇ ಅಚ್ಚಿನದು. ಜಗಳವಾದರೆ ಠೂ. ಹೌದು, ಚಿಕ್ಕ ಮಕ್ಕಳು ಬಿಡುತ್ತಾರಲ್ಲ, ಅದೇ ಠೂ. ನರೆತ ಅಪ್ಪ, ಕಾಲೇಜಿಗೆ ಹೋಗುವ ಮಗಳು, ನಾಚಿಕೆ ಬೇಡವೇ! ಅದಕ್ಕೊಂದು ಕಾನೂನು ಬೇರೆ. ಠೂ ಬಿಟ್ಟವರೇ ಮೊದಲು ಕರೆಯಬೇಕು. ಮೊದಲನೆಯ ಸಲ ಕರೆದಾಗ ಇನ್ನೊಬ್ಬರು ಓ ಎನ್ನಕೂಡದು, ಕಿವುಡರ ಹಾಗೆ ಕೂತಿರಬೇಕು. ಎರಡನೆಯ ಸಲ ಕರೆದರೆ ಓಗೊಡಬೇಕು, ಅಲ್ಲಿಗೆ ರಾಜಿ. "ಒಂದೇ ಸಲಕ್ಕೆ ಓ ಅಂದ್ಬಿಟ್ರೆ ಸಿಟ್ಟಿಗೇನು ಬೆಲೆ?" ಎಂದು ಅಪ್ಪನೇ ಮಾಡಿದ ಕಾನೂನು. "ಹುಚ್ಚು ಮುಂಡೇವು, ಎರಡೂ" ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕಾಲೇಜು ಮುಗಿದ ಮೇಲೆ ಹೊರದೇಶದ ಹೋಟೆಲೊಂದು ಬೇಸಿಗೆಯ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಕರೆಸಿಕೊಳ್ಳುತ್ತದೆ ಎಂದು ಗೊತ್ತಾಯಿತು. ದುಡಿಯಬಹುದು, ಕೊನೆಗೊಂದಿಷ್ಟು ದಿನ ಊರೂರು ಸುತ್ತಲೂಬಹುದು. ಅಮ್ಮ ಬೇಡವೆಂದಳು. ಚಿಕ್ಕಪ್ಪ "ಹೆಣ್ಣುಮಗು, ಒಬ್ಬಳೇ..." ಎಂದು ರಾಗ ಎಳೆದರು. ಅಪ್ಪ ಇಬ್ಬರ ಬಾಯಿಯನ್ನೂ ಮುಚ್ಚಿಸಿದ.

"ದೇಶ ಸುತ್ತು, ಕೋಶ ಓದು ಅಂತಾರೆ. ಕೋಶ ಓದಿದ್ದಾಯ್ತಲ್ಲ. ನಾನೂ ಜೀವಮಾನವೆಲ್ಲ ಸುತ್ತಿದೀನಿ, ಆದ್ರೆ ಈ ಸ್ಟ್ಯಾಂಡಿಂದ ಆ ಸ್ಟ್ಯಾಂಡಿಗೆ. ನೀನು ಹೋಗಿ ಬಾರಮ್ಮ."

ಹೋದಳು. ಸಮುದ್ರದ ದಂಡೆಯ ಹೋಟೆಲು. ಕೆಲಸವೆಂದರೆ ಕತ್ತೆ ಚಾಕರಿ. ಅತಿಥಿಗಳು ಖಾಲಿ ಮಾಡಿದ ಕೋಣೆಗಳಲ್ಲಿ ಹಾಸಿಗೆಯ ಬಟ್ಟೆ ಕಿತ್ತು, ಹೊಸದನ್ನು ಹಾಸಿ, ಸುಕ್ಕಿಲ್ಲದಂತೆ ಎಳೆದು ಮೂಲೆ ಮಡಿಸಬೇಕು. ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿದ ಮರಳು, ಕೂದಲು ಬಳಿಯಬೇಕು. ಜೊತೆಗಿದ್ದವಳು ಇನ್ಯಾವುದೋ ದೇಶದ ಹುಡುಗಿ, ಇವಳು ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟಳು. ಮಾಡಿನ ಕೆಳಗಿನ ಇಳಿಜಾರು ಕೋಣೆಯಲ್ಲಿ ಇಬ್ಬರ ವಾಸ. ಏಳುವಾಗ ಉದ್ದಕ್ಕನ ತಲೆ ದಿನವೂ ತೊಲೆಗೆ ಬಡಿಯುತ್ತಿತ್ತು.

ಭಾನುವಾರ ಮನೆಗೆ ಫೋನು. ಮೇಲ್ವಿಚಾರಕಿ ದಿಂಬಿನ ಮೇಲೆ ಬೆರಳಾಡಿಸಿ ಮೂಗು ಮುರಿಯುವುದನ್ನು ಚಿನಕುರುಳಿ ನಟಿಸಿ ಹೇಳಿದರೆ ಅಪ್ಪ ಆ ಕಡೆ ಬಿದ್ದು ಬಿದ್ದು ನಗುತ್ತಿದ್ದ. ಬೇಸಿಗೆ ಅರ್ಧ ಕಳೆಯುವಷ್ಟರಲ್ಲಿ ಆ ನಗು ಕೆಮ್ಮಿನಲ್ಲಿ ಮುಗಿಯತೊಡಗಿತು. ದನಿ ಒಡೆದಿತ್ತು.

"ಏನಪ್ಪಾ, ಹಳೇ ಬಸ್ಸಿನ ಗೇರ್ ಥರ ಆಗಿದೆ ನಿನ್ನ ಗಂಟಲು?"

"ಧೂಳು ಕಣೇ" ಎಂದ ಅಪ್ಪ.

ಕೆಲಸ ಮುಗಿಯುವ ವಾರ ಅವಳು ಕುಣಿಯುತ್ತಾ ಫೋನು ಮಾಡಿದಳು. ಉದ್ದಕ್ಕನ ಜೊತೆ ದ್ವೀಪಗಳಿಗೆ, ಅಲ್ಲಿಂದ ರೈಲಿನಲ್ಲಿ ಬೆಟ್ಟಗಳ ಕಡೆಗೆ. ಅಪ್ಪ ಕೆಮ್ಮು ಮುಗಿಸಿ ಹೇಳಿದ.

"ಕೆಲಸ ಮುಗೀತಲ್ಲ. ಬಂದ್ಬಿಡು ಮನೆಗೆ."

"ಅಯ್ಯೋ! ದೇಶ ಸುತ್ತು ಅಂದಿದ್ದು ಯಾರು?"

"ನಾನೇ. ಈಗ ಬಾ ಅಂತಿರೋದೂ ನಾನೇ."

"ಯಾಕೆ ಅಂತ ಹೇಳು, ಬರ್ತೀನಿ."

ಹೇಳಬಹುದಿತ್ತಲ್ಲ ಪುಣ್ಯಾತ್ಮ? ಹೇಳಲಿಲ್ಲ. "ನಿನ್ನಿಷ್ಟ. ಠೂ" ಎಂದ. ಇವಳೂ ಬಿಡುವವಳೇ? "ಠೂ ಅಂದ್ರೆ ಠೂ" ಎಂದು ಫೋನು ಇಟ್ಟಳು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ದ್ವೀಪಕ್ಕೆ ಹೋಗುವ ದೋಣಿಯ ಮೇಲೆ ಬಿಸಿಲು ಕಾಯುತ್ತಾ ಕೂತಿದ್ದಾಗ ಫೋನು ಬಡಿದುಕೊಂಡಿತು. ಅಪ್ಪ! ಅವಳ ಮುಖ ಊರಗಲವಾಯಿತು.

"ಎತ್ತೋದಿಲ್ವಾ?" ಎಂದಳು ಉದ್ದಕ್ಕ.

"ಊಹೂಂ. ಎರಡನೇ ಸಲಕ್ಕೆ."

ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ದ್ವೀಪ ಬಂತು. ಮರಳಿನ ಮೇಲೆ ನಡೆಯುವಾಗಲೂ ಫೋನು ಕೈಯಲ್ಲೇ ಇತ್ತು. ಮತ್ತೆ ಬರಲಿಲ್ಲ. 'ಇರಲಿ, ಮುದುಕನಿಗೆ ಕೊಬ್ಬು' ಎಂದುಕೊಂಡಳು. ಮನಸ್ಸು ಮಾತ್ರ ಕಸಿವಿಸಿಯಾಯಿತು. ನೂರು ಸಲ ಎತ್ತಬೇಕೆನಿಸಿದ್ದು ನಿಜ, ಆದರೆ ಕಾನೂನು ಕಾನೂನೇ.

ಆಮೇಲೆ ಅಮ್ಮನಿಗೆ ಫೋನು ಮಾಡಿದರೆ ಅಪ್ಪ ಡ್ಯೂಟಿಯಲ್ಲಿದ್ದಾರೆ, ಇಲ್ಲವೇ ಮಲಗಿದ್ದಾರೆ ಎಂಬ ಉತ್ತರ ಬರುತ್ತಿತ್ತು. "ಸೋತೆ ಅಂತ ಒಪ್ಕೊಳ್ಳೋಕೆ ಆಗ್ತಿಲ್ವಂತಾ? ಇರಲಿ ಬಿಡು, ಬಂದು ನೋಡ್ಕೋತೀನಿ" ಎಂದು ಇವಳು ನಗುತ್ತಿದ್ದಳು. ಅಮ್ಮ "ಹುಷಾರಾಗಿ ಬಾ" ಎನ್ನುತ್ತಿದ್ದಳು, ಅಷ್ಟೇ.

ಬೆಟ್ಟಗಳನ್ನೂ ನೋಡಿ ಮುಗಿಸಿ ಬಂದಳು. ಕರೆತರಲು ವಿಮಾನ ನಿಲ್ದಾಣಕ್ಕೆ ತಮ್ಮ ಬಂದಿದ್ದ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತ. ಮನೆಯ ಹಜಾರದಲ್ಲಿ ಅಪ್ಪ ಕುರ್ಚಿಯಲ್ಲಿದ್ದ. ಸೊರಗಿದ್ದ, ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ನೆಗಡಿಯಿರಬೇಕು ಎಂದುಕೊಂಡಳು. ಓಡಿ ಹೋಗಿ ತಬ್ಬಿಕೊಳ್ಳುವ ಆಸೆ. ಹಾಳು ಹಠ ಬಿಡಬೇಕಲ್ಲ! ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತಳು.

"ಕರಿ ಅಪ್ಪಾ. ಕಾಯ್ತಿದೀನಿ."

ಹಿಂದಿನಿಂದ ಬರೀ ಗಾಳಿ ಎಳೆದು ಬಿಟ್ಟಂಥ ಸದ್ದು ಬಂತು. ಮತ್ತೊಮ್ಮೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಚಿನಕುರುಳಿ ತಿರುಗಿ ನೋಡಿದಾಗ ಅಪ್ಪನ ಬಾಯಿ ತೆರೆದಿತ್ತು, ಕಣ್ಣು ತುಂಬಿತ್ತು, ಬಟ್ಟೆಯ ಅಂಚಿನಲ್ಲಿ ಸಣ್ಣ ಕೊಳವೆ ಕಾಣುತ್ತಿತ್ತು.

ಅಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡುವ ಹಾಗಿಲ್ಲ ಎಂದಿದ್ದರು ಡಾಕ್ಟರು.

"ನನಗೆ ಯಾಕಮ್ಮಾ ಹೇಳ್ಲಿಲ್ಲ?"

"ನಿಮ್ಮಪ್ಪ ಆಣೆ ಹಾಕ್ಬಿಟ್ರು ಕಣೇ. 'ಬಾ ಅಂದೆ, ಬರಲ್ಲ ಅಂದ್ಲು. ಇನ್ನು ರೋಗ ಹೇಳಿ ಎಳೆದು ತರೋದು ಬೇಡ, ಮಗು ಸುತ್ತಾಡ್ಕೊಂಡು ಬರಲಿ' ಅಂದ್ರು."

"ಅವತ್ತು ಫೋನ್ ಮಾಡಿದ್ದು?"

"ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗೋ ಮುಂಚೆ."

"ಮತ್ತೆ... ಇನ್ನೊಂದು ಸಲ ಯಾಕೆ ಮಾಡ್ಲಿಲ್ಲಮ್ಮಾ?"

"ನರ್ಸು ಬಂದು ಫೋನ್ ಇಸ್ಕೊಂಡ್ಲು, ಹೊತ್ತಾಯ್ತು ಅಂತ. ಇವರು ನಗ್ತಾ ಬೇಡ್ಕೊಂಡ್ರು. 'ಒಂದೇ ನಿಮಿಷ ತಾಯೀ, ನನ್ನ ಮಗಳು ಎರಡನೇ ಸಲಕ್ಕೇ ಎತ್ತೋದು' ಅಂತ. ಅವಳು ಕೊಡ್ಲಿಲ್ಲ. ಅಷ್ಟೇ ಕಣಮ್ಮಾ. ಆಮೇಲೆ ಮಾತಿಲ್ಲ."

ಚಿನಕುರುಳಿ ಅಲ್ಲೇ ಒಲೆಯ ಪಕ್ಕ ನೆಲದ ಮೇಲೆ ಕೂತಳು. ಅಳು ಕೂಡ ತಕ್ಷಣ ಬರಲಿಲ್ಲ. ಬಂದಾಗ ಅಪ್ಪನಿಗೆ ಕೇಳಿಸಬಾರದೆಂದು ಅಮ್ಮನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿಕೊಂಡು, ಅವಳ ಮೊಣಕಾಲು ಹಿಡಿದು ಅತ್ತಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಅಪ್ಪನ ತಟ್ಟೆಯಲ್ಲಿದ್ದದ್ದನ್ನು ಅಮ್ಮ ಮೆತ್ತಗೆ ಕಿವುಚಿ ಕೊಟ್ಟಿದ್ದಳು. ಅಪ್ಪ ಚಮಚ ಎತ್ತಿ ಹಿಡಿದು ಏನೋ ಹೇಳಿದ. ತುಟಿ ಮಾತ್ರ ಆಡಿತು. ತಮ್ಮನಿಗೆ ತುತ್ತು ನೆತ್ತಿಗೇರುವಷ್ಟು ನಗು ಬಂತು. "ಥೂ, ಊಟದ ಹೊತ್ತಲ್ಲಿ ಎಂಥ ಮಾತ್ರೀ ಅದು!" ಎಂದು ಅಮ್ಮ ಗದರಿ ತಾನೂ ನಕ್ಕಳು. ಚಿನಕುರುಳಿ ಇಲ್ಲದ ವಾರಗಳಲ್ಲಿ ಅವರಿಬ್ಬರೂ ಆ ತುಟಿಗಳನ್ನು ಓದಲು ಕಲಿತುಬಿಟ್ಟಿದ್ದರು. ಅಪ್ಪ ಬರೆದು ತೋರಿಸಬಹುದಿತ್ತು, ಬೇಕಾದ ಮದ್ದು ಮಾತ್ರೆಯನ್ನೆಲ್ಲ ಹಾಗೇ ಹೇಳುತ್ತಿದ್ದ. ಆದರೆ ತಮಾಷೆಯನ್ನು ಯಾರಾದರೂ ಬರೆದು ಕೊಡುತ್ತಾರೆಯೇ?

ಅಪ್ಪ ಅವಳ ಕಡೆ ತಿರುಗಿ ಅದನ್ನೇ ಮತ್ತೆ ಹೇಳಿದ. ಅವಳು ಕಣ್ಣು ಕೀಲಿಸಿ ನೋಡಿದಳು. ಒಂದಕ್ಷರವೂ ತಿಳಿಯಲಿಲ್ಲ. ತಮ್ಮ ಹೇಳಿಕೊಡಲು ಬಾಯಿ ತೆರೆದ, ಅಪ್ಪ ಕೈಯೆತ್ತಿ ತಡೆದ. ಇನ್ನೂ ನಿಧಾನವಾಗಿ, ಬಾಯಿ ಅಗಲಿಸಿ, ಕೈ ಆಡಿಸಿ ಹೇಳಿದ.

ಈ ಸಲವೂ ತಿಳಿಯದೆ ಚಿನಕುರುಳಿ ಗಟ್ಟಿಯಾಗಿ ನಕ್ಕುಬಿಟ್ಟಳು.

ಮಗಳ ನಗು ಅಪ್ಪನಿಗೆ ಗೊತ್ತಿಲ್ಲವೇ? ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಬಾಯಿ ಮುಚ್ಚಿಕೊಂಡ. ಆಮೇಲೆ ಅಮ್ಮನ ಕಡೆ ತಿರುಗಿ ತುಟಿಯಲ್ಲೇ ಏನೋ ಅಂದ.

"ಹೂಂ, ಬಡಿಸ್ತೀನಿ ಇರಿ" ಎಂದು ಅಮ್ಮ ಮಗಳ ತಟ್ಟೆಯ ಕಡೆ ಸೌಟು ಚಾಚಿದಳು.